ಎಂಟನೇ ಪಟ್ಟಿ

ಜೀಪಿನ ಯಜಮಾನರು ನನ್ನ ಶೆಡ್ಡಿಗೆ ಬಂದ ದಿನ ಕೈಯಲ್ಲಿ ಒಂದು ಕಲ್ಲು ಹಿಡಿದುಕೊಂಡೇ ಬಂದಿದ್ದರು. ತೆಂಗಿನಕಾಯಿಯಷ್ಟು ದಪ್ಪದ ಕಲ್ಲು, ಒಂದು ಮೂಲೆಗೆ ಕಪ್ಪು ಎಣ್ಣೆ ಮೆತ್ತಿಕೊಂಡಿತ್ತು. ಉಯ್ಯಂಬಳ್ಳಿಯಿಂದ ಆಚೆಗೆ ಗುಡ್ಡದ ಹಾದಿಯಲ್ಲಿ ಅದು ಜೀಪಿನ ಹೊಟ್ಟೆಗೆ ಬಡಿದು, ಎಂಜಿನ್ ಆಯಿಲ್ ಇರುವ ಚೇಂಬರನ್ನು ಸೀಳಿತ್ತು. ಆ ವರ್ಷ ಹಾಗಾದದ್ದು ಮೂರನೇ ಸಲವಂತೆ. ಕಲ್ಲನ್ನು ನನ್ನ ಬೆಂಚಿನ ಮೇಲಿಟ್ಟು, ಹಾದಿಯನ್ನಂತೂ ಯಾರೂ ಸರಿ ಮಾಡುವುದಿಲ್ಲ, ಗಾಡಿಯನ್ನೇ ಒಸಿ ಮೇಲೆತ್ತೋಕೆ ಆಗುತ್ತದೆಯೇ ಎಂದು ಕೇಳಿದರು.

ನನ್ನ ಶೆಡ್ಡು ಕನಕಪುರದಿಂದ ಸಾತನೂರಿಗೆ ಹೋಗುವ ರಸ್ತೆಯಲ್ಲಿದೆ. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರಿನ ಕೊಂಡಿ ಇವೇ ದಿನದ ಕೆಲಸ. ಆ ಜೀಪು ಹಳೇ ಪರಿಚಯ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಸಿಗುವ ಗಾಡಿ. ಬಸ್ಸು ಹೋಗದ ಹಳ್ಳಿಗಳಿಂದ ರೇಷ್ಮೆಗೂಡಿನ ಚೀಲ ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುವುದು ಅದರ ಕಸುಬು. ಅದನ್ನು ಓಡಿಸುತ್ತಿದ್ದವನು ನಲವತ್ತರ ಆಸುಪಾಸಿನ ಒಬ್ಬ ಡ್ರೈವರ್. ಒಂದು ಕಾಲದಲ್ಲಿ ವಿಪರೀತ ಕುಡಿಯುತ್ತಿದ್ದ. ಬಿಟ್ಟು ಮೂರು ವರ್ಷವಾಗಿತ್ತು. ಬಿಟ್ಟ ಮೇಲೆಯೇ ಯಜಮಾನರು ಅವನ ಕೈಗೆ ಕೀ ಕೊಟ್ಟದ್ದು.

ಗಾಡಿ ಎತ್ತರಿಸಲು ಇರುವ ದಾರಿಗಳಲ್ಲಿ ಸುಲಭದ್ದು ಶ್ಯಾಕಲ್ ಬದಲಿಸುವುದು. ಜೀಪಿನ ಭಾರ ಕೂತಿರುವುದು ಪಟ್ಟಿ ಪಟ್ಟಿಯಾಗಿ ಜೋಡಿಸಿದ ನಾಲ್ಕು ಸ್ಪ್ರಿಂಗುಗಳ ಮೇಲೆ. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ಪಿನ್ನಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿ ಹಾಗಲ್ಲ. ಗುಂಡಿಗೆ ಬಿದ್ದಾಗ ಸ್ಪ್ರಿಂಗು ಚಪ್ಪಟೆಯಾಗಿ ಉದ್ದವಾಗುವುದರಿಂದ ಆ ತುದಿ ಹಿಂದೆ ಮುಂದೆ ಆಡಬೇಕು. ಅದಕ್ಕೇ ಅಲ್ಲಿ ಎರಡು ಕಬ್ಬಿಣದ ಪಟ್ಟಿ, ಎರಡು ಪಿನ್ನು ಸೇರಿಸಿ ಉಯ್ಯಾಲೆಯಂತೆ ಒಂದು ಕೊಂಡಿ ಹಾಕಿರುತ್ತಾರೆ. ಅದೇ ಶ್ಯಾಕಲ್. ಒಂದು ಗಾಡಿಗೆ ನಾಲ್ಕು ಶ್ಯಾಕಲ್, ಅಂದರೆ ಎಂಟು ಪಟ್ಟಿ. ಪಟ್ಟಿ ಉದ್ದವಾದರೆ ಗಾಡಿ ಮೇಲೇಳುತ್ತದೆ. ಒಂದು ತುದಿ ಮಾತ್ರ ಏಳುವುದರಿಂದ, ಪಟ್ಟಿಯನ್ನು ಎರಡಿಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದಿಂಚು.

ಬೆಂಗಳೂರಿನಿಂದ ಸಿದ್ಧ ಶ್ಯಾಕಲ್ ತರಿಸಬಹುದಿತ್ತು, ಎಂಟು ಹತ್ತು ದಿನ ಬೇಕಾಗುತ್ತಿತ್ತು. ಆದರೆ ಹಳ್ಳಿಗಳಲ್ಲಿ ಆಗಲೇ ರೇಷ್ಮೆಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆ ಹತ್ತಿದ್ದವು. ಆರನೇ ದಿನಕ್ಕೆ ಗೂಡು ಬಿಡಿಸಿ ಸಾಗಿಸಲೇಬೇಕು. ಇಟ್ಟುಕೊಂಡರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ. ಯಜಮಾನರು ಯೋಚನೆಯಲ್ಲಿ ನಿಂತಿರುವಾಗ ನಾನು ಬಾಯಿ ಹಾಕಿದೆ. ಅದೇನು ಮಹಾ, ಎರಡು ಪಟ್ಟಿ ಎರಡು ತೂತು, ನಾನೇ ಮಾಡಿಕೊಡುತ್ತೇನೆ, ಸೋಮವಾರ ಬೆಳಿಗ್ಗೆಗೆ ಗಾಡಿ ರೆಡಿ ಅಂದೆ. ಅದುವರೆಗೆ ಒಂದೇ ಒಂದು ಶ್ಯಾಕಲ್ಲನ್ನೂ ನಾನು ಮಾಡಿರಲಿಲ್ಲ. ಫೋನಿನಲ್ಲಿ ಯಾರೋ ಮಾಡುವುದನ್ನು ನೋಡಿದ್ದೆ, ಅಷ್ಟೆ.

ಶುರು ಮಾಡಿದ್ದು ಸರಿಯಾಗಿಯೇ. ಹಳೇ ಪಟ್ಟಿ ಬಿಚ್ಚಿ ಅಳೆದೆ. ತೂತಿನ ನಡುವಿನಿಂದ ತೂತಿನ ನಡುವಿಗೆ ಮೂರೂವರೆ ಇಂಚು. ಹೊಸದಕ್ಕೆ ಐದೂವರೆ, ತುದಿಗಳಿಗೆ ಒಂದೊಂದು ಇಂಚು ಬಿಟ್ಟು ಒಟ್ಟು ಏಳೂವರೆ ಇಂಚಿನ ಪಟ್ಟಿ. ಹತ್ತು ಎಂಎಂ ದಪ್ಪ, ಎರಡಿಂಚು ಅಗಲದ ಕಬ್ಬಿಣದ ಫ್ಲಾಟು ತಂದೆ. ಎಂಟು ಪಟ್ಟಿಗೆ ಅರವತ್ತು ಇಂಚು ಸಾಕು, ಕತ್ತರಿಸುವಾಗ ತೇಯುವುದಕ್ಕೆ ಒಂದಷ್ಟು ಹೆಚ್ಚು ಸೇರಿಸಿಕೊಂಡೆ.

ಪಿನ್ನು ಮತ್ತು ಅದರ ಸುತ್ತ ಕೂರುವ ಹಿತ್ತಾಳೆಯ ಬುಷ್ಷುಗಳನ್ನು ಚನ್ನಪಟ್ಟಣದ ಲೇತ್ ಸಾಹೇಬರ ಹತ್ತಿರ ಮಾಡಿಸಿದೆ. ಅವರದು ಗೊಂಬೆ ಕಡೆಯುವ ಮನೆತನ. ಅಂಗಡಿಯಲ್ಲಿ ಒಂದು ಕಡೆ ಮರದ ಲೇತು, ಇನ್ನೊಂದು ಕಡೆ ಕಬ್ಬಿಣದ ಲೇತು. ಅರಗಿನ ವಾಸನೆ, ಕಟಿಂಗ್ ಆಯಿಲ್ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತದೆ. ಅಳತೆ ಬರೆದುಕೊಂಡು, ಒಂದು ಜೊತೆಯ ಎರಡು ಪಟ್ಟಿಯನ್ನೂ ಒಟ್ಟಿಗೆ ಕ್ಲಾಂಪ್ ಹಾಕಿ ತೂತು ಕೊರೆಯಬೇಕು, ಬೇರೆ ಬೇರೆ ಕೊರೆದರೆ ಕೂದಲೆಳೆ ವ್ಯತ್ಯಾಸವಾದರೂ ಪಿನ್ನು ಸೊಟ್ಟ ಕೂರುತ್ತದೆ ಎಂದು ಹೇಳಿ ಕಳಿಸಿದರು. ಹಾಗೇ ಮಾಡಿದೆ. ಮೊದಲು ಸಣ್ಣ ಡ್ರಿಲ್ ಬಿಟ್, ಆಮೇಲೆ ದೊಡ್ಡದು, ಕಡೆಗೆ ಅಳತೆಯದು. ಗುರುವಾರ, ಶುಕ್ರವಾರ ಕರೆಂಟು ಹೋಗಿ ಬಂದು ಮಾಡಿತು. ಶನಿವಾರ ದೊಡ್ಡ ಬಿಟ್ ಮುರಿದು, ಇನ್ನೊಂದು ತರಲು ಅರ್ಧ ದಿನ ಹೋಯಿತು. ಆ ಹೊತ್ತಿಗೆ ಮೂರು ಜೊತೆ ಮುಗಿದಿತ್ತು.

ಭಾನುವಾರ ಬೆಳಿಗ್ಗೆ ಕಡೇ ಜೊತೆ. ಏಳನೇ ಪಟ್ಟಿ ಸರಿಯಾಗಿ ಕತ್ತರಿಸಿದೆ. ಎಂಟನೆಯದಕ್ಕೆ ಗುರುತು ಹಾಕುವಾಗ ಮನಸ್ಸು ಎಲ್ಲಿತ್ತೋ, ಏಳೂವರೆಯ ಬದಲು ತೂತಿನ ಅಳತೆಯಾದ ಐದೂವರೆಗೇ ಗೆರೆ ಎಳೆದು ಕತ್ತರಿಸಿಬಿಟ್ಟೆ. ಪಟ್ಟಿ ಕೆಳಗೆ ಬಿದ್ದ ಸದ್ದಿನಲ್ಲೇ ಗೊತ್ತಾಯಿತು. ಒಂದು ಕೈಯಲ್ಲಿ ಐದೂವರೆ ಇಂಚಿನ ತುಂಡು, ಇನ್ನೊಂದರಲ್ಲಿ ಉಳಿದ ಗಿಡ್ಡ ತುಂಡು. ಕಬ್ಬಿಣದ ಅಂಗಡಿಗೆ ಭಾನುವಾರ ರಜ.

ಫೋನು ಜೇಬಿನಲ್ಲೇ ಇತ್ತು. ಯಜಮಾನರೇ, ಒಂದು ಪಟ್ಟಿ ಕೆಟ್ಟಿತು, ಸೋಮವಾರ ಮಧ್ಯಾಹ್ನ ಕೊಡುತ್ತೇನೆ ಅಂದಿದ್ದರೆ ಅವರು ಬೈಯುತ್ತಿದ್ದರು, ಒಪ್ಪುತ್ತಿದ್ದರು. ಗೂಡು ಮಂಗಳವಾರ ಹೋಗುತ್ತಿತ್ತು. ನಾನು ಮಾಡಲಿಲ್ಲ. ಅದೇನು ಮಹಾ ಅಂದವನು ನಾನು. ಅಳತೆ ತಪ್ಪಿತು ಎಂದು ಹೇಳುವುದಕ್ಕೆ ನಾಲಿಗೆ ಏಳಲಿಲ್ಲ.

ಎರಡು ತುಂಡನ್ನೂ ಜೋಡಿಸಿ ಬೆಸುಗೆ ಹಾಕಿದೆ. ಹತ್ತು ಎಂಎಂ ಕಬ್ಬಿಣ ಬೆಸೆಯಬೇಕಾದರೆ ಎರಡು ಅಂಚನ್ನೂ ಓರೆಯಾಗಿ ತಿಕ್ಕಿ ನಡುವೆ ಕಾಲುವೆ ಮಾಡಿಕೊಳ್ಳಬೇಕು, ತಳದಿಂದ ಪದರ ಪದರವಾಗಿ ತುಂಬಿಕೊಂಡು ಬರಬೇಕು. ಅದು ಗೊತ್ತಿಲ್ಲದ ವೆಲ್ಡರ್ ಇಲ್ಲ. ನಾನು ಅಂಚಿಗೆ ಅಂಚು ಇಟ್ಟು ಎರಡೂ ಮುಖದಲ್ಲಿ ಒಂದೊಂದು ಗೆರೆ ಎಳೆದೆ. ಗೆರೆ ಉಬ್ಬಿಕೊಂಡು ಜೋಡಿಸಿದ್ದು ಕಾಣಿಸುತ್ತಿತ್ತು. ಗ್ರೈಂಡರ್ ತೆಗೆದುಕೊಂಡು ಅದನ್ನೂ ನುಣ್ಣಗೆ ಉಜ್ಜಿಬಿಟ್ಟೆ. ಎರಡು ತುಂಡನ್ನೂ ಹಿಡಿದುಕೊಂಡಿದ್ದುದೇ ಆ ಉಬ್ಬು. ಅದನ್ನು ಉಜ್ಜಿದ ಮೇಲೆ ಉಳಿದದ್ದು ಮೇಲಿನ ತೆಳು ಚರ್ಮ. ಒಳಗೆ ಎರಡು ತುಂಡೂ ಬೇರೆ ಬೇರೆಯೇ ಇದ್ದವು. ಮೇಲೆ ಕಪ್ಪು ಪೇಂಟ್ ಹೊಡೆದೆ.

ಎಂಟನ್ನೂ ಬಿಸಿಲಿಗೆ ಸಾಲಾಗಿ ಒಣಗಲು ಇಟ್ಟಾಗ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅದನ್ನು ನೋಡಿ ನನಗೆ ಒಂದು ಬಗೆಯ ಸಮಾಧಾನವೂ ಆಯಿತು. ಜೋಡಿಸುವಾಗ ಅದನ್ನು ಎಡಗಡೆಯ ಹಿಂದಿನ ಸ್ಪ್ರಿಂಗಿಗೆ, ಒಳಮುಖಕ್ಕೆ ಹಾಕಿದೆ. ಅಲ್ಲಿ ಬಗ್ಗಿ ನೋಡಿದರೂ ಕಾಣುವುದಿಲ್ಲ. ಮುಂದಿನದಕ್ಕಿಂತ ಹಿಂದಿನ ಸ್ಪ್ರಿಂಗಿಗೇ ಭಾರ ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಜಾಗ ಆರಿಸುವಾಗ ನಾನು ಯೋಚಿಸಿದ್ದು ಭಾರವನ್ನಲ್ಲ, ನೋಡುವವರ ಕಣ್ಣನ್ನು.

ಸೋಮವಾರ ಡ್ರೈವರ್ ಬಂದು ಗಾಡಿ ತೆಗೆದುಕೊಂಡು ಹೋದ. ಸಂಜೆ ಫೋನ್ ಮಾಡಿ, ಹಾದಿಯಲ್ಲಿ ಎಲ್ಲೂ ತಳ ತಾಗಲಿಲ್ಲ, ಗಾಡಿ ಆನೆ ಥರ ನಡೆಯುತ್ತಿದೆ ಎಂದ. ಯಜಮಾನರು ಇನ್ನಿಬ್ಬರು ಜೀಪಿನವರಿಗೆ ನನ್ನ ಹೆಸರು ಹೇಳಿದರು. ಮಾಗಡಿ ಕಡೆಯವನೊಬ್ಬ ತನ್ನ ಗಾಡಿಗೂ ಮಾಡಿಕೊಡಿ ಎಂದು ಅಳತೆ ಕೇಳಿಕೊಂಡು ಬಂದ. ನಾನು ಎದೆಯುಬ್ಬಿಸಿಕೊಂಡೇ ಮಾತಾಡಿದೆ.

ಮೂರು ವಾರ ಕಳೆದಿರಬೇಕು. ಡ್ರೈವರ್ ಫೋನ್ ಮಾಡಿ ಎಡಗಡೆ ಹಿಂದೆ ಟಕ್ ಟಕ್ ಸದ್ದು ಬರುತ್ತಿದೆ, ಒಂದು ಸಲ ನೋಡುತ್ತೀರಾ ಎಂದು ಕೇಳಿದ. ಎಡಗಡೆ ಹಿಂದೆ ಎಂದ ಕೂಡಲೇ ಅದು ಎಂಟನೇ ಪಟ್ಟಿಯ ಜಾಗ ಎಂದು ಹೊಳೆಯಿತು. ಆದರೂ ಬಾಯಿ ತನ್ನ ಪಾಡಿಗೆ ಮಾತಾಡಿತು. ಹೊಸ ಬುಷ್ಷು, ಕೂತುಕೊಳ್ಳಬೇಕು, ಗ್ರೀಸ್ ಹೊಡಿ, ಸರಿ ಹೋಗುತ್ತದೆ ಎಂದೆ. ಅವನು ನಂಬಿ ಗ್ರೀಸ್ ಹೊಡೆದುಕೊಂಡ.

ನಾಲ್ಕು ದಿನದ ಮೇಲೆ, ಬೆಳಿಗ್ಗೆ ಎಂಟರ ಸುಮಾರಿಗೆ, ಹಳ್ಳಕ್ಕೆ ಇಳಿಯುವ ತಿರುವಿನಲ್ಲಿ ಪಟ್ಟಿ ಬಿಟ್ಟಿತು. ಭಾರವೆಲ್ಲ ಜೊತೆಯ ಪಟ್ಟಿಯ ಮೇಲೆ ಬಿದ್ದು ಅದು ತಿರುಚಿಕೊಂಡಿತು, ಪಿನ್ನು ಬಗ್ಗಿತು, ಜೀಪಿನ ಮೈ ಎಡಕ್ಕೆ ಕುಸಿದು ಟೈರಿನ ಮೇಲೆ ಕೂತಿತು. ಮೇಲ್ಗಡೆ ಕ್ಯಾರಿಯರಿನಲ್ಲಿ ಗೂಡಿನ ಚೀಲ ಪೇರಿಸಿದ್ದರು. ಗಾಡಿ ವಾಲಿಕೊಂಡು ಪಕ್ಕದ ಚರಂಡಿಗೆ ಮಗುಚಿತು. ಡ್ರೈವರಿಗೆ ಹಣೆ ತರಚಿತು. ಹಿಂದೆ ಚೀಲಗಳ ಪಕ್ಕ ಕೂತಿದ್ದವಳು ಒಬ್ಬ ಹೆಣ್ಣುಮಗಳು, ಐವತ್ತು ದಾಟಿದವಳು, ಗೂಡು ಅವಳದೇ. ಅವಳ ಬಲಗೈ ಮಣಿಕಟ್ಟು ಮುರಿಯಿತು. ಚೀಲಗಳು ಬಿಚ್ಚಿ ಗೂಡೆಲ್ಲ ಚರಂಡಿಯ ಕೆಸರಿಗೆ ಬಿತ್ತು. ನೆಂದು ಜಜ್ಜಿದ ಗೂಡನ್ನು ಯಾರೂ ಕೊಳ್ಳುವುದಿಲ್ಲ.

ಇದೆಲ್ಲ ನನಗೆ ಮೊದಲು ತಿಳಿದದ್ದು ವಾಟ್ಸಾಪಿನಲ್ಲಿ. ಆ ಭಾಗದ ಹಳ್ಳಿಯವರ ಒಂದು ಗ್ರೂಪು ಇದೆ, ಬೋರ್‌ವೆಲ್ ಗಾಡಿ, ಮೇವು, ಗೂಡಿನ ದರ ಎಲ್ಲ ಅದರಲ್ಲೇ ಬರುತ್ತದೆ. ಗ್ರಿಲ್ ಕೆಲಸಕ್ಕೆಂದು ನನ್ನನ್ನೂ ಸೇರಿಸಿದ್ದರು. ಮಗುಚಿದ ಜೀಪಿನ ಫೋಟೋ, ಕೆಳಗೆ ಯಾರೋ ಬರೆದಿದ್ದರು: ಡ್ರೈವರ್ ಮತ್ತೆ ಶುರು ಹಚ್ಚಿಕೊಂಡವ್ನೆ. ಅದರ ಕೆಳಗೆ ಇನ್ನೊಬ್ಬ ಬಾಟಲಿಯ ಚಿತ್ರ ಹಾಕಿದ್ದ. ಮಧ್ಯಾಹ್ನದ ಹೊತ್ತಿಗೆ ಅದೇ ಸತ್ಯವಾಗಿತ್ತು.

ಸಂಜೆ ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ನನ್ನ ಶೆಡ್ಡಿಗೇ ಎಳೆದು ತಂದರು. ಯಜಮಾನರು ಹೊರಗೆ ಫೋನಿನಲ್ಲಿದ್ದಾಗ ನಾನು ಅಡಿಗೆ ತೂರಿದೆ. ಪಟ್ಟಿಯ ದೊಡ್ಡ ತುಂಡು ನೇತಾಡುತ್ತಿತ್ತು, ಗಿಡ್ಡ ತುಂಡು ಪಿನ್ನಿನಲ್ಲೇ ಸಿಕ್ಕಿಕೊಂಡಿತ್ತು. ಮುರಿದ ಮುಖ ನೋಡಿದೆ. ಸುತ್ತ ಅಂಚಿನಲ್ಲಿ ನೂಲಿನಷ್ಟು ಅಗಲಕ್ಕೆ ಹೊಳೆಯುವ ಹೊಸ ಗಾಯ. ನಡುವೆಲ್ಲ ನಾನು ಕತ್ತರಿಸಿದ ಗರಗಸದ ಗೀರುಗಳು, ಹಾಗೇ, ಬೆಸುಗೆ ಒಂದಿಷ್ಟೂ ಮುಟ್ಟದೆ. ಎರಡು ತುಂಡನ್ನೂ ಬಿಚ್ಚಿ ಗುಜರಿ ಡ್ರಮ್ಮಿನ ತಳಕ್ಕೆ ಹಾಕಿ ಮೇಲೆ ಸ್ಕ್ರ್ಯಾಪು ಸುರಿದೆ.

ಯಜಮಾನರು ಒಳಗೆ ಬಂದು, ಏನಾಗಿತ್ತು ಎಂದು ಕೇಳಿದರು. ಕಲ್ಲಿಗೆ ಜೋರಾಗಿ ಹೊಡೆದಂತಿದೆ, ಶ್ಯಾಕಲ್ ತಿರುಚಿಕೊಂಡಿದೆ ಎಂದೆ. ತಿರುಚಿದ ಪಟ್ಟಿಯನ್ನೂ ಬಗ್ಗಿದ ಪಿನ್ನನ್ನೂ ತೋರಿಸಿದೆ. ಅವರು ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ, ‘ನಾನು ಅವನ್ನ ನಂಬಿದ್ದೆ’ ಅಂದರು. ನಾನು ಡ್ರೈವರಿನ ಹೆಸರು ಎತ್ತಲಿಲ್ಲ, ಕುಡಿದಿದ್ದ ಎಂದೂ ಅನ್ನಲಿಲ್ಲ. ಅದನ್ನೇ ದೊಡ್ಡ ಪ್ರಾಮಾಣಿಕತೆ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಮಾರನೇ ದಿನ ಅವನಿಂದ ಕೀ ವಾಪಸ್ಸು ತೆಗೆದುಕೊಂಡರೆಂದು ತಿಳಿಯಿತು.

ಜೀಪು ಶೆಡ್ಡಿನಲ್ಲೇ ನಿಂತಿತ್ತು. ಬಾಡಿಯ ತಗ್ಗುಗಳನ್ನು ಬಡಿದು ಎಬ್ಬಿಸುವುದು, ಪೇಂಟು, ಗಾಜು, ಈ ಕೆಲಸಗಳನ್ನೆಲ್ಲ ಮೊದಲು ಮಾಡಿದೆ. ಶ್ಯಾಕಲ್ ಮುಟ್ಟಲು ಮನಸ್ಸಾಗುತ್ತಿರಲಿಲ್ಲ. ಅನ್ನ ತಿನ್ನುವಾಗ, ಸ್ನಾನ ಮಾಡುವಾಗ ಆ ಗರಗಸದ ಗೀರುಗಳು ಕಣ್ಣಿಗೆ ಬರುತ್ತಿದ್ದವು. ಮಾಗಡಿಯವನು ತನ್ನ ಗಾಡಿಗೆ ಯಾವಾಗ ಮಾಡುತ್ತೀರಿ ಎಂದು ಫೋನ್ ಮಾಡಿದರೆ ಎತ್ತಲಿಲ್ಲ. ಗುಜರಿ ಡ್ರಮ್ಮಿನ ಪಕ್ಕ ಓಡಾಡುವಾಗ ಯಾರಾದರೂ ನೋಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಕಡೆಗೆ ಎಂಟನೇ ದಿನ ಆ ಎರಡು ತುಂಡನ್ನೂ ತೆಗೆದು ಬಟ್ಟೆ ಚೀಲಕ್ಕೆ ಹಾಕಿಕೊಂಡೆ. ಹೊಸ ಪಿನ್ನು ಮಾಡಿಸಲು ಹೇಗೂ ಚನ್ನಪಟ್ಟಣಕ್ಕೆ ಹೋಗಬೇಕಿತ್ತು. ಅಲ್ಲಿನ ಗುಜರಿಯಲ್ಲಿ ಎಸೆದು ಬಂದರೆ ಇಲ್ಲಿ ಯಾರಿಗೂ ಸಿಕ್ಕುವುದಿಲ್ಲ ಎಂಬ ಲೆಕ್ಕ.

ಲೇತ್ ಸಾಹೇಬರಿಗೆ ಬಗ್ಗಿದ ಪಿನ್ನು ಬೇಕಿತ್ತು, ಅಳತೆಗೆ. ಅದೂ ಅದೇ ಚೀಲದಲ್ಲಿತ್ತು. ನಾನು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದೆ. ಅವರೇ ಚೀಲಕ್ಕೆ ಕೈ ಹಾಕಿದರು. ಪಿನ್ನಿನ ಬದಲು ಕೈಗೆ ಬಂದದ್ದು ಪಟ್ಟಿಯ ತುಂಡು. ತಿರುಗಿಸಿ ನೋಡಿದರು, ಕನ್ನಡಕ ಹಣೆಯಿಂದ ಕೆಳಗಿಳಿಸಿಕೊಂಡು ಮತ್ತೆ ನೋಡಿದರು, ಉಗುರಿನಲ್ಲಿ ಗೀರುಗಳ ಮೇಲೆ ಎಳೆದರು.

‘ಇದು ಮುರ್ದಿಲ್ಲ ಭಾಯ್,’ ಅಂದರು. ‘ಇದು ಅಂಟ್ಕೊಂಡೇ ಇರ್ಲಿಲ್ಲ.’

ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರು. ಒಬ್ಬ ಹೆಂಗಸಿನ ಕೈ ಎಂದೆ. ಅವರು ತುಂಡನ್ನು ಚೀಲಕ್ಕೆ ವಾಪಸ್ಸು ಹಾಕಿ, ಚೀಲದ ಬಾಯಿ ಮಡಚಿ ನನ್ನ ಕಾಲ ಹತ್ತಿರ ಇಟ್ಟರು. ಪಿನ್ನು ಕಡೆದು ಕೊಡುವವರೆಗೆ ಮತ್ತೆ ಆ ಮಾತು ಎತ್ತಲಿಲ್ಲ. ಯಾವಾಗಲೂ ಕೊಡುತ್ತಿದ್ದ ಚಹಾ ಅವತ್ತು ತರಿಸಲಿಲ್ಲ. ಮರೆತರೋ, ಬೇಕೆಂದೇ ಹಾಗೆ ಮಾಡಿದರೋ ಗೊತ್ತಿಲ್ಲ. ಗುಜರಿ ಅಂಗಡಿಯ ಮುಂದೆಯೇ ಬಸ್ ಸ್ಟಾಪು. ಚೀಲ ಹಿಡಿದುಕೊಂಡು ನಿಂತಿದ್ದೆ. ಬಸ್ಸು ಬಂತು, ಚೀಲದ ಸಮೇತ ಹತ್ತಿದೆ.

ಅದಾದ ಮೂರನೇ ದಿನ ಮಧ್ಯಾಹ್ನ ಡ್ರೈವರ್ ಶೆಡ್ಡಿಗೆ ಬಂದ. ಗಡ್ಡ ಬಿಟ್ಟಿದ್ದ, ಹಣೆಯ ಗಾಯ ಒಣಗಿತ್ತು. ನನ್ನ ಮೇಲೆ ಕೂಗಾಡುತ್ತಾನೆ ಎಂದುಕೊಂಡೆ. ಅವನು ಬಂದದ್ದು ಜೀಪು ನೋಡಲು. ಮುಂದಿನ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದು ನೋಡಿದ. ಆಮೇಲೆ ಇಳಿದು ಬಂದು ನನ್ನ ಪಕ್ಕದ ಕಬ್ಬಿಣದ ಮೇಲೆ ಕೂತ.

‘ಅಣ್ಣ, ನೀನು ಅಡೀಲಿ ನೋಡಿದೀಯಾ. ನಾನು ಕಲ್ಲಿಗೇ ಹೊಡೆದಿದ್ನಾ?’ ಎಂದು ಕೇಳಿದ. ‘ನಂಗೆ ಕಲ್ಲು ಕಂಡಿದ್ದೇ ನೆಪ್ಪಿಲ್ಲ. ಎಲ್ರೂ ಅಂತಾವ್ರೆ. ಕುಡಿದಿರ್ಲಿಲ್ಲ ಅಂತ ನಂಗೊತ್ತು. ಆದ್ರೆ ಕಣ್ಣು ಮಂಪರು ಬಂದಿತ್ತೇನೋ ಅಂತ ನಂಗೇ ಅನುಮಾನ ಬಂದ್ಬುಟ್ಟೈತೆ. ಹೆಂಡ್ರು ದಿನಾ ಬಾಗ್ಲಲ್ಲಿ ನಿಲ್ಸಿ ಬಾಯಿ ಮೂಸಿ ಒಳಕ್ಕೆ ಬುಡ್ತಾಳೆ. ಇವತ್ತು ನಾನೇ ಬಾಯಿ ತೆಗ್ದು ನಿಂತ್ಕೊಂಡೆ.’

ಅವನು ದೂರುವ ದನಿಯಲ್ಲಿ ಹೇಳಲಿಲ್ಲ. ನನ್ನಿಂದ ಒಂದು ಉತ್ತರ ಬೇಕಿತ್ತು, ಹೌದು ಎಂದಿದ್ದರೆ ಒಪ್ಪಿಕೊಂಡು ಹೋಗುತ್ತಿದ್ದ. ಆಗ ನನಗೆ ನನ್ನ ಮೇಲೆ ಹುಟ್ಟಿದ ಅಸಹ್ಯವನ್ನು ಇವತ್ತಿಗೂ ಸರಿಯಾಗಿ ಹೇಳಲಾರೆ. ನನ್ನ ಸುಳ್ಳು ಅವನ ಕೆಲಸ ತೆಗೆದುಕೊಂಡಿತ್ತು, ಅದು ಗೊತ್ತಿತ್ತು. ಅದು ಅವನ ನೆನಪಿನೊಳಕ್ಕೇ ಹೋಗಿ ಕೂತಿರುವುದು ಗೊತ್ತಿರಲಿಲ್ಲ.

ಬಟ್ಟೆ ಚೀಲ ಬೆಂಚಿನ ಕೆಳಗೇ ಇತ್ತು. ಎರಡು ತುಂಡನ್ನೂ ತೆಗೆದು ಅವನ ಕೈಗೆ ಕೊಟ್ಟು, ಅಂಚಿಗೆ ಅಂಚು ಹೊಂದಿಸಿ ತೋರಿಸಿದೆ. ‘ಇದು ಜೋಡ್ಸಿದ್ ಪಟ್ಟಿ. ಒಳಗೆ ಬೆಸುಗೆ ಹಿಡಿದಿರ್ಲಿಲ್ಲ. ತಪ್ಪು ನಂದು’ ಎಂದೆ. ಟಕ್ ಟಕ್ ಸದ್ದು ಇದರದೇ, ಗ್ರೀಸ್ ಹೊಡಿ ಅಂದದ್ದೂ ನಾನೇ ಎಂದೆ.

ಅವನು ಎರಡು ತುಂಡನ್ನೂ ಜೋಡಿಸುವುದು, ಬಿಡಿಸುವುದು, ಮತ್ತೆ ಜೋಡಿಸುವುದು, ಹೀಗೇ ಮಾಡುತ್ತಿದ್ದ. ನನ್ನ ಮುಖ ನೋಡಲಿಲ್ಲ.

‘ಹನ್ನೊಂದು ದಿನ ಆಯ್ತಲ್ಲಣ್ಣ’ ಎಂದ ಕಡೆಗೆ. ಅಷ್ಟೇ.

ಅವತ್ತೇ ಇಬ್ಬರೂ ನನ್ನ ಬೈಕಿನಲ್ಲಿ ಯಜಮಾನರ ಮನೆಗೆ ಹೋದೆವು. ದಾರಿಯುದ್ದಕ್ಕೂ ಅವನು ಹಿಂದೆ ಆ ತುಂಡುಗಳನ್ನು ಹಿಡಿದುಕೊಂಡು ಕೂತಿದ್ದ. ಯಜಮಾನರು ಜಗುಲಿಯ ಮೇಲೆ ಕೂತು ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಅವರು ಮೊದಲು ಡ್ರೈವರಿನ ಕಡೆ ತಿರುಗಿ, ನಾನು ಒಂದು ಮಾತು ನಿನ್ನನ್ನು ಕೇಳಬೇಕಿತ್ತು ಎಂದು ಹೇಳಿ ಕೀ ವಾಪಸ್ಸು ಕೊಟ್ಟರು. ಗಾಡಿಯ ಮತ್ತು ಗೂಡಿನ ನಷ್ಟದ ಮಾತನ್ನು ಅವರೂ ನಾನೂ ಅಲ್ಲೇ ಕೂತು ಮುಗಿಸಿಕೊಂಡೆವು, ಅದು ಸುಲಭದ ಭಾಗ. ಎಲ್ಲ ಮುಗಿಯಿತು ಎಂದು ನಾನು ಏಳುವಾಗ ಡ್ರೈವರ್ ಬಾಯಿ ತೆರೆದ.

‘ಗ್ರೂಪಲ್ಲಿ ಯೋಳ್ಬೇಕು,’ ಎಂದ. ‘ಬರೆಯೋದಲ್ಲ. ನಿನ್ ಬಾಯಲ್ಲೇ ಯೋಳು.’

ಯಜಮಾನರ ಮುಂದೆಯೇ ಫೋನು ತೆಗೆದು ವಾಯ್ಸ್ ಮೆಸೇಜ್ ಮಾಡಲು ಕೂತೆ. ಮೊದಲ ಸಲ, ಕಬ್ಬಿಣದ ಗುಣಮಟ್ಟ ಸರಿ ಇರಲಿಲ್ಲ ಎಂದು ಬಾಯಿಗೆ ಬಂತು. ಅಳಿಸಿದೆ. ಎರಡನೇ ಸಲ ಟೈಮು ಇರಲಿಲ್ಲ ಎಂದು ಶುರುವಾಯಿತು. ಅದನ್ನೂ ಅಳಿಸಿದೆ. ಡ್ರೈವರ್ ಎದುರಿಗೇ ನಿಂತಿದ್ದ. ಮೂರನೇ ಸಲ ನನ್ನ ಹೆಸರು, ಶೆಡ್ಡಿನ ಗುರುತು ಹೇಳಿ, ಜೀಪು ಬಿದ್ದದ್ದು ನಾನು ಮಾಡಿದ ಕೆಟ್ಟ ಕೆಲಸದಿಂದ, ಡ್ರೈವರ್ ಕುಡಿದಿರಲಿಲ್ಲ, ಅವನು ಸದ್ದು ಬರುತ್ತಿದೆ ಎಂದು ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ, ಆಮೇಲೆ ಮುಚ್ಚಿಟ್ಟೆ ಎಂದು ಹೇಳಿ ಕಳಿಸಿದೆ. ಅರ್ಧ ನಿಮಿಷದ ಮಾತು. ಒಬ್ಬೊಬ್ಬರಾಗಿ ಕೇಳಿಸಿಕೊಳ್ಳುವುದು ಫೋನಿನಲ್ಲಿ ಕಾಣುತ್ತಿತ್ತು. ಬಾಟಲಿಯ ಚಿತ್ರ ಹಾಕಿದವನು ಅದನ್ನು ತೆಗೆದ. ಕ್ಷಮಿಸು ಎಂದು ಡ್ರೈವರಿಗೆ ಯಾರೂ ಬರೆಯಲಿಲ್ಲ. ಮೂರು ಮನೆಯವರು ನನಗೆ ಕೊಟ್ಟಿದ್ದ ಗೇಟಿನ ಕೆಲಸ ವಾಪಸ್ಸು ಪಡೆದರು. ಮಾಗಡಿಯವನಿಗೆ ನಾನೇ ಫೋನ್ ಮಾಡಿ, ಬೆಂಗಳೂರಿನಿಂದ ಸಿದ್ಧ ಶ್ಯಾಕಲ್ ತರಿಸಿಕೋ ಎಂದೆ.

ಈ ಜೀಪಿಗೂ ಹಾಗೇ ತರಿಸೋಣ ಎಂದೆ. ಯಜಮಾನರು ಒಪ್ಪಿದರು. ಡ್ರೈವರ್ ಒಪ್ಪಲಿಲ್ಲ. ನೀನೇ ಮಾಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ ಎಂದ. ಅವನ ಮನಸ್ಸಿನಲ್ಲಿ ಏನಿತ್ತೆಂದು ಆಗ ಅರ್ಥವಾಗಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ.

ಮೂರು ದಿನ ಅವನು ಸ್ಟೂಲ್ ಹಾಕಿಕೊಂಡು ಕೂತ. ಹಳೆಯ ಏಳು ಪಟ್ಟಿಯನ್ನೂ ಪಕ್ಕಕ್ಕಿಟ್ಟೆ, ಒಂದನ್ನೂ ಬಳಸಲಿಲ್ಲ. ಹೊಸ ಫ್ಲಾಟು ತಂದು ಪ್ರತಿ ಗೆರೆ ಎಳೆದ ಮೇಲೂ ಟೇಪನ್ನು ಅವನ ಕೈಗೆ ಕೊಟ್ಟು ಅಳೆಸಿದೆ. ಎಂಟೂ ಒಂದೇ ತುಂಡು. ಅಂಚು ಉಜ್ಜಿ ನುಣುಪು ಮಾಡಿದೆ, ಸೀಳು ಹುಟ್ಟುವುದು ಒರಟು ಅಂಚಿನಿಂದಲೇ. ಜೊತೆ ಜೊತೆಯಾಗಿ ಕ್ಲಾಂಪ್ ಹಾಕಿ ತೂತು ಕೊರೆದೆ. ಮೊದಲನೇ ಸಲ ಬಿಟ್ಟಿದ್ದ ಇನ್ನೊಂದು ಕೆಲಸವನ್ನೂ ಮಾಡಿದೆ. ಎರಡು ಪಟ್ಟಿಯ ನಡುವೆ ಒಂದು ಅಡ್ಡ ಪೈಪು ಕೊಟ್ಟರೆ ಅವು ಬೇರೆ ಬೇರೆ ತಿರುಚಿಕೊಳ್ಳುವುದಿಲ್ಲ, ಗಾಡಿ ಪಕ್ಕಕ್ಕೆ ವಾಲಿದರೂ ಒಟ್ಟಿಗೇ ನಿಲ್ಲುತ್ತವೆ. ಜೋಡಿಸಿದ ಮೇಲೆ ಜ್ಯಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ, ಇಳಿಸಿ, ಶ್ಯಾಕಲ್ ಎಲ್ಲೂ ತಾಗದೆ ಆಡುತ್ತದೆಯೇ ಎಂದು ನೋಡಿದೆವು. ಪೇಂಟ್ ಹೊಡೆಯಲು ಡಬ್ಬ ತೆಗೆದಾಗ ಡ್ರೈವರ್ ಬೇಡ ಎಂದ. ತುಕ್ಕು ಹಿಡಿಯುತ್ತದೆ ಎಂದೆ. ಹಿಡಿಯಲಿ, ಎಣ್ಣೆ ಒರೆಸುತ್ತೇನೆ, ನನಗೆ ಕಬ್ಬಿಣ ಕಾಣಬೇಕು ಎಂದ.

ಗಾಡಿಯನ್ನು ವಾಪಸ್ಸು ಬಿಡಲು ಹೋಗುವಾಗ ನನ್ನನ್ನು ಹಿಂದೆ ಹತ್ತು ಎಂದ. ಹಿಂದಿನ ಸೀಟಿನಲ್ಲಿ ಅಡ್ಡ ಕೂತು ಹಳ್ಳದ ಆ ತಿರುವು ಇಳಿದೆ. ಚರಂಡಿಯಲ್ಲಿ ಇನ್ನೂ ನಾಲ್ಕಾರು ಗೂಡುಗಳು ಮಣ್ಣುಬಣ್ಣವಾಗಿ ಬಿದ್ದಿದ್ದವು. ಅವನು ಅಲ್ಲಿ ನಿಧಾನ ಮಾಡಲಿಲ್ಲ, ಜೋರೂ ಮಾಡಲಿಲ್ಲ. ತಿರುವು ದಾಟಿ, ಎಡಕ್ಕೆ ಒಂದು ಮನೆಯ ಮುಂದೆ ನಿಲ್ಲಿಸಿದ. ಆ ಹೆಣ್ಣುಮಗಳ ಮನೆ. ನನಗೆ ಮುಂಚೆ ಹೇಳಿರಲಿಲ್ಲ.

ಮೊದಲ ತಂಡದ ಹಿಂದೆಯೇ ಸಾಕಿದ್ದ ಎರಡನೇ ತಂಡದ ಹುಳ ಆಗಲೇ ಗೂಡು ಕಟ್ಟಿ ಮುಗಿಸಿದ್ದವು. ಬಲಗೈ ಪ್ಲಾಸ್ಟರಿನಲ್ಲಿ, ಎಡಗೈ ಒಂದರಲ್ಲೇ ಅವಳು ಚಂದ್ರಿಕೆಯಿಂದ ಗೂಡು ಬಿಡಿಸುತ್ತ ಕೂತಿದ್ದಳು. ಗ್ರೂಪಿನ ಮೆಸೇಜನ್ನು ಮಗ ಕೇಳಿಸಿದ್ದನಂತೆ. ನಾನು ಯಾರೆಂದು ಹೇಳಬೇಕಾಗಲಿಲ್ಲ. ತಪ್ಪಾಯಿತು ಎಂದೆ. ಅಲ್ಲಿಯವರೆಗೆ ಅದನ್ನು ಕೇಳಿದವರಲ್ಲಿ ಹಲವರು, ಆಗೋದು ಆಯಿತು ಎಂದೋ, ಮನುಷ್ಯ ಎಂದ ಮೇಲೆ ತಪ್ಪಾಗುತ್ತದೆ ಎಂದೋ ಏನಾದರೂ ಅಂದಿದ್ದರು. ಅವಳು ಹಾಗೆ ಅನ್ನಲಿಲ್ಲ. ಕೈಯಲ್ಲಿದ್ದ ಗೂಡನ್ನು ಬುಟ್ಟಿಗೆ ಹಾಕಿ ನನ್ನನ್ನೇ ನೋಡಿದಳು.

‘ಹಾಕುವಾಗ ಗೊತ್ತಿತ್ತಾ ನಿಂಗೆ, ಅದು ನಿಲ್ಲಾಕಿಲ್ಲ ಅಂತ?’

ಯಜಮಾನರು ಇದನ್ನು ಕೇಳಿರಲಿಲ್ಲ, ಡ್ರೈವರೂ ಕೇಳಿರಲಿಲ್ಲ. ಅರ್ಧ ನಿಮಿಷದ ಆ ಮೆಸೇಜಿನಲ್ಲೂ ನಾನು ಕೆಟ್ಟ ಕೆಲಸ ಎಂದಿದ್ದೆನೇ ಹೊರತು, ಗೊತ್ತಿದ್ದು ಎಂಬ ಮಾತನ್ನು ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಡ್ರೈವರ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

‘ಗೊತ್ತಿತ್ತು ಕಣವ್ವ’ ಎಂದೆ.

ಅವಳು ಹೂಂ ಎಂದಳು. ಗೋಡೆಗೆ ಒರಗಿಸಿದ್ದ ಇನ್ನೊಂದು ಚಂದ್ರಿಕೆ ತೋರಿಸಿ, ಅದನ್ನು ಇತ್ತ ಎಳೆದುಕೊಂಡು ಕೂತ್ಕೋ ಎಂದಳು. ಕೂತೆ. ನನ್ನ ಬೆರಳುಗಳು ವೆಲ್ಡಿಂಗಿನಲ್ಲಿ ಸುಟ್ಟು ಒರಟಾದಂಥವು, ಮೊದಮೊದಲು ಹಿಡಿದ ಗೂಡುಗಳೆಲ್ಲ ನೆಗ್ಗಿದವು. ಒತ್ತಬ್ಯಾಡ, ಒಳಗೆ ಜೀವ ಐತೆ ಎಂದು ಅವಳು ಎರಡು ಸಲ ಹೇಳಿದಳು. ಡ್ರೈವರ್ ಹೊರಗೆ ಹೋಗಿ ಜೀಪಿನಲ್ಲಿ ಕೂತ. ಹೊತ್ತು ಇಳಿಯುವವರೆಗೂ ಅವನು ಹಾರ್ನ್ ಮಾಡಲಿಲ್ಲ, ನನ್ನನ್ನು ಕರೆಯಲಿಲ್ಲ. ನಾನೂ ತಲೆ ಎತ್ತದೆ ಗೂಡು ಬಿಡಿಸುತ್ತಿದ್ದೆ.